ಇನ್ನೂರು ಹಸಿರು ಹಲಗೆ

ಮಿಲೆಂಬೆಯ ಅಲ್ಯೂಮಿನಿಯಂ ಬೇಸನ್ನು ತೂತುಬಿದ್ದ ದಿನ ಆ ಮನೆಯಲ್ಲಿ ಮಧ್ಯಾಹ್ನದ ಅಡುಗೆ ಆಗಲಿಲ್ಲ.

ಮಗಳು ವಾಂಡೆ ಬೆಳಿಗ್ಗೆಯಿಂದ ಹಿತ್ತಲಲ್ಲಿ ಕೂತಿದ್ದಳು. ತಾಮ್ರದ ಹಾಳೆ ಅಂಟಿಸಿದ ಅಂಗೈಯಗಲದ ಹಲಗೆಯ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ನಕ್ಷೆ ಒತ್ತಿ, ಅದನ್ನು ಕಂದು ಬಣ್ಣದ ಆಸಿಡ್ಡಿನಲ್ಲಿ ಮುಳುಗಿಸಿದ್ದಳು. ಮಸಿ ಹತ್ತಿದ ಕಡೆ ತಾಮ್ರ ಉಳಿಯಬೇಕು, ಮಿಕ್ಕದ್ದು ಕರಗಬೇಕು. ಉಳಿದ ಗೆರೆಗಳೇ ತಂತಿಯ ಕೆಲಸ ಮಾಡುತ್ತವೆ. ಆಸಿಡ್ಡು ಬೆಚ್ಚಗಿದ್ದರೆ ಬೇಗ ಕೆಲಸ ಆಗುತ್ತದೆಂದು ಅದರ ಪ್ಲಾಸ್ಟಿಕ್ ತಟ್ಟೆಯನ್ನು ಬಿಸಿನೀರು ತುಂಬಿದ ಅಮ್ಮನ ಬೇಸನ್ನಿನಲ್ಲಿ ತೇಲಿಬಿಟ್ಟಿದ್ದಳು. ಎಲ್ಲಿಂದಲೋ ಹಾರಿಬಂದ ಕೋಳಿ ತಟ್ಟೆಯ ಅಂಚಿನ ಮೇಲೆ ಕೂತಿತು. ತಟ್ಟೆ ಮಗುಚಿತು. ಬುಸುಬುಸು ನೊರೆ ಎದ್ದು, ಹೊಗೆಯಾಡಿ, ನೋಡನೋಡುತ್ತ ಬೇಸನ್ನಿನ ತಳ ಜರಡಿಯಾಯಿತು.

“ನನ್ನ ಮದುವೇಲಿ ನಮ್ಮಮ್ಮ ಕೊಟ್ಟ ಬೇಸನ್ನು ಕಣೇ ಅದು!” ಮಿಲೆಂಬೆ ಒಲೆ ಬಿಟ್ಟು ಓಡಿಬಂದಳು.

“ಕೋಳಿ ಬಂದು ಕೂತರೆ ನಾನೇನ್ ಮಾಡ್ಲಿ ಅಮ್ಮ?”

“ಕೋಳಿ ಮೇಲೆ ಹಾಕ್ತೀಯಾ? ಕೋಳಿ ಮೊಟ್ಟೆನಾದ್ರೂ ಇಡತ್ತೆ. ಎರಡು ತಿಂಗಳಿಂದ ಈ ಕೊಳಕು ನೀರು ಕಲಸ್ತಾ ಕೂತಿದೀಯಲ್ಲ, ನೀನೇನ್ ಇಟ್ಟಿದೀಯ?”

ಗೋಡೆಗೊರಗಿ ರೇಡಿಯೋ ಕೇಳುತ್ತಿದ್ದ ಅಪ್ಪ ಮದುಹು ಕತ್ತೆತ್ತಿದ. “ಬಿಡೇ, ತಳಕ್ಕೆ ನಾನು ಬೆಸುಗೆ ಹಾಕ್ಕೊಡ್ತೀನಿ.”

“ಅಲ್ಯೂಮಿನಿಯಂಗೆ ಬೆಸುಗೆ ಕೂರಲ್ಲ ಅಪ್ಪ,” ಎಂದಳು ವಾಂಡೆ.

“ನೀವಿಬ್ರೂ ಬಾಯ್ಮುಚ್ಚಿ,” ಎಂದಳು ಮಿಲೆಂಬೆ.

ಸರೋವರದಂಚಿನ ಕಯೆಂಝೆ ಊರಿನಲ್ಲಿ ಮದುಹುವಿನ ಮನೆಯವರು ದೀಪದವರು. ಚಂದ್ರನಿಲ್ಲದ ರಾತ್ರಿಗಳಲ್ಲಿ ದೋಣಿಗಳು ಸರೋವರಕ್ಕಿಳಿದು ನೀರಿನ ಮೇಲೆ ದೀಪ ತೇಲಿಬಿಡುತ್ತವೆ. ಬೆಳಕಿಗೆ ದಗಾ ಮೀನು, ಬೆರಳಿನಷ್ಟೂ ಉದ್ದವಿಲ್ಲದ ಬೆಳ್ಳಿ ಮೀನು, ರಾಶಿರಾಶಿಯಾಗಿ ಮೇಲೆ ಬರುತ್ತದೆ. ಮದುಹು ತನ್ನ ಕಾಲದಲ್ಲಿ ಸೀಮೆಎಣ್ಣೆಯ ಪಂಪ್ ದೀಪ ರಿಪೇರಿ ಮಾಡುತ್ತಿದ್ದ. ಈಗ ಬ್ಯಾಟರಿ ದೀಪಗಳು ಬಂದಿವೆ. ಮಗ ಶಿಜಾ ಅವನ್ನು ಜೋಡಿಸಿ ದೋಣಿಯವರಿಗೆ ಬಾಡಿಗೆಗೆ ಕೊಡುತ್ತಿದ್ದ. ಕಷ್ಟ ಏನೆಂದರೆ, ದೋಣಿಯವರು ಬೆಳಗಾಗುವವರೆಗೂ ದೀಪ ಆರಿಸುತ್ತಿರಲಿಲ್ಲ. ಬ್ಯಾಟರಿ ಪೂರ್ತಿ ಬರಿದಾಗಿ ನಾಲ್ಕೈದು ತಿಂಗಳಿಗೇ ಸಾಯುತ್ತಿತ್ತು. ಬಾಡಿಗೆ ಹಣವೆಲ್ಲ ಹೊಸ ಬ್ಯಾಟರಿಗೆ ಹೋಗುತ್ತಿತ್ತು.

ಮ್ವಾಂಝಾ ಪಟ್ಟಣದಲ್ಲಿ ಎರಡು ವರ್ಷ ಎಲೆಕ್ಟ್ರಾನಿಕ್ಸ್ ಕಲಿತು ಬಂದ ವಾಂಡೆ ಇದಕ್ಕೊಂದು ಉಪಾಯ ಮಾಡಿದ್ದಳು. ಬ್ಯಾಟರಿ ಸಾಯುವ ಮೊದಲೇ ದೀಪ ಮಂಕಾಗಿ ಎಚ್ಚರಿಸಿ, ಆಮೇಲೆ ತಾನೇ ಆರುವಂಥ ಸಣ್ಣ ಸರ್ಕ್ಯೂಟು. ಬರೀ ತಂತಿ ಸುತ್ತಿ ನಾಲ್ಕು ದೀಪಕ್ಕೆ ಹಾಕಿದಳು. ಕೆಲಸ ಮಾಡಿತು. ಆದರೆ ದೋಣಿ ಅಲೆಗೆ ಕುಕ್ಕಿದಾಗೆಲ್ಲ ಒಂದೊಂದು ತಂತಿ ಕಿತ್ತುಬರುತ್ತಿತ್ತು. ಹತ್ತು ದೋಣಿಯ ಯಜಮಾನ ಕಿಯಾಬೊ ಅದನ್ನು ನೋಡಿ, “ಗಟ್ಟಿಯಾಗಿ ಮಾಡ್ಕೊಡು ಮಗಳೇ, ನಲವತ್ತು ದೀಪ ದುಡ್ಡು ಕೊಟ್ಟು ತಗೋತೀನಿ,” ಎಂದಿದ್ದ. ಗಟ್ಟಿಯಾಗಬೇಕಾದರೆ ಗೆರೆ ಮುದ್ರಿಸಿದ ಹಲಗೆಯೇ ಬೇಕು. ಹಿತ್ತಲಲ್ಲಿ ಮೂರು ಮಾಡಿದರೆ ಒಂದು ಸರಿಬರುತ್ತಿತ್ತು, ಅದಕ್ಕೂ ಇಡೀ ದಿನ.

ಆ ಸಂಜೆ ಉಗಾಲಿ ಮುದ್ದೆಯ ಸುತ್ತ ಐವರೂ ಕೂತಾಗ ಶಿಜಾ ಮಾತು ತೆಗೆದ.

“ಹೊರಗೆ ಮಾಡಿಸಿದ್ರೆ ಎಷ್ಟಾಗತ್ತೆ?”

“ಮ್ವಾಂಝಾದಲ್ಲಿ ಒಬ್ಬ ಮಷೀನಲ್ಲಿ ಕೊರೆದು ಕೊಡ್ತಾನೆ. ಒಂದಕ್ಕೆ ಹದಿನೈದು ಸಾವಿರ ಶಿಲ್ಲಿಂಗ್.”

“ನಲವತ್ತಕ್ಕೆ ನಮ್ಮ ಮನೆ ತಗಡೆಲ್ಲ ಮಾರಬೇಕು,” ಎಂದ ಮದುಹು.

“ಚೀನಾದ ಕಾರ್ಖಾನೆಗೆ ಇಂಟರ್ನೆಟ್ಟಲ್ಲಿ ನಕ್ಷೆ ಕಳಿಸಿದ್ರೆ ಐದು ಹಲಗೆಗೆ ಐದು ಸಾವಿರ. ಆದ್ರೆ ಅಲ್ಲಿಂದ ಬೇಗ ತರೋ ಕೊರಿಯರ್‌ಗೆ ಅರವತ್ತು ಸಾವಿರ.”

ಮದುಹು ನಗತೊಡಗಿದ. “ಕೋಳಿಗೆ ಐದು, ಕೋಳಿ ತರೋ ಬೈಕಿಗೆ ಅರವತ್ತು!”

“ಅದಕ್ಕೇ ಅಪ್ಪ, ದಾರ್ ನಗರದಲ್ಲಿ ಒಬ್ಬ ಏಜೆಂಟ್ ಇದಾನೆ. ಹತ್ತಾರು ಜನರದ್ದು ಒಟ್ಟು ಸೇರಿಸಿ ಒಂದೇ ಗಂಟಲ್ಲಿ ತರಿಸ್ತಾನೆ. ನಮ್ಮ ಪಾಲಿಗೆ ಹದಿನೈದೋ ಇಪ್ಪತ್ತೋ ಬೀಳತ್ತೆ. ಆರು ವಾರ ಕಾಯ್ಬೇಕು ಅಷ್ಟೆ.”

“ಆರು ವಾರ!” ಶಿಜಾ ತುತ್ತು ಕೈಯಲ್ಲೇ ಹಿಡಿದ. “ಅಷ್ಟ್ರಲ್ಲಿ ಕಿಯಾಬೊ ಬೇರೆ ಯಾರ ಹತ್ರಾನೋ ಹೋಗಿರ್ತಾನೆ. ಕೊರಿಯರ್‌ಲೇ ತರಿಸು. ಹೆಂಗೂ ಗಾಡಿ ಬಾಡಿಗೆ ಕೊಡ್ತೀವಿ, ತುಂಬ ತರಿಸು.”

“ತುಂಬ ಬೇಡ ಅಣ್ಣ. ಮೊದ್ಲು ಹತ್ತು ತರಿಸಿ ನೋಡೋಣ. ನಾನು ಬರೆದಿರೋದ್ರಲ್ಲಿ ತಪ್ಪಿರಬಹುದು.”

“ತಪ್ಪು ಬರೆಯೋಕಾ ನಿನಗೆ ಎರಡು ವರ್ಷ ಫೀಸು ಕಟ್ಟಿದ್ದು?” ಎಂದಳು ಮಿಲೆಂಬೆ.

ಶಿಜಾನ ಹೆಂಡತಿ ರಹೇಲಿ ಅಲ್ಲಿಯವರೆಗೆ ಸೊಪ್ಪು ಬಡಿಸುತ್ತಿದ್ದವಳು, “ವಾಂಡೆ ಹೇಳೋದು ಸರಿ ಅನ್ಸತ್ತೆ ಅತ್ತೆ. ಬಟ್ಟೆ ಹೊಲಿಯೋಕೆ ಮುಂಚೆ ಅಳತೆ ನೋಡಲ್ವಾ?” ಎಂದಳು.

“ನೀನು ಮೀನು ಒಣಗಿಸೋ ಮಾತಾಡು,” ಎಂದ ಶಿಜಾ.

ಕೊನೆಗೆ ಹತ್ತು ಹಲಗೆ, ಕೊರಿಯರ್‌ನಲ್ಲಿ ಎಂದಾಯಿತು. ವಾಂಡೆ ನಕ್ಷೆ ಕಳಿಸಿ ಎಲ್ಲ ತುಂಬಿ ಅಣ್ಣನ ಕೈಗೆ ಫೋನು ಕೊಟ್ಟಳು. ಹಣ ಇದ್ದದ್ದು ಅವನ ಫೋನಿನಲ್ಲಿ, ಕಟ್ಟಬೇಕಾದವನೂ ಅವನೇ. ಅವನು ಅಂಗಳದಲ್ಲಿ ಅಮ್ಮನ ಜೊತೆ ಕೂತು ಒತ್ತುತ್ತಿದ್ದಾಗ ವಾಂಡೆ, ರಹೇಲಿ ಇಬ್ಬರೂ ನೀರಿಗೆ ಹೋಗಿದ್ದರು.

ರಹೇಲಿಗೆ ತನ್ನದೇ ಒಂದು ಲೆಕ್ಕವಿತ್ತು. ಆಕೆ ದೋಣಿಯವರಿಂದ ಹಸಿ ದಗಾ ಕೊಂಡು ದಡದ ಮರಳಿನ ಮೇಲೆ ಹರಡಿ ಒಣಗಿಸಿ ಮಾರುತ್ತಿದ್ದಳು. ಮರಳಿನ ಮೀನು ಅಗ್ಗ; ಹಲ್ಲಿಗೆ ಕರಕರ ಸಿಗುತ್ತದೆಂದು ಕಾಂಗೋ ಕಡೆಯ ವ್ಯಾಪಾರಿಗಳು ಮುಟ್ಟುತ್ತಿರಲಿಲ್ಲ. ಕಂಬ ನೆಟ್ಟು, ಮೇಲೆ ಬಲೆ ಬಿಗಿದು ಅಟ್ಟ ಮಾಡಿದರೆ ಬೆಲೆ ದುಪ್ಪಟ್ಟು, ಮಳೆ ಬಂದರೆ ಮೇಲೆ ತಾಡಪಾಲು ಎಳೆಯಬಹುದು. ಅದಕ್ಕೆಂದು ಹೆಂಗಸರ ಉಳಿತಾಯದ ಗುಂಪಿನಲ್ಲಿ ವಾರವಾರ ಹಾಕಿದ ಹಣ ವರ್ಷದ ಕೊನೆಗೆ ಕೈಗೆ ಬಂದಿತ್ತು. ತನ್ನ ಫೋನು ಒಡೆದಿತ್ತು. ಭದ್ರವಾಗಿರಲಿ ಎಂದು ಗಂಡನ ಫೋನಿಗೆ ಹಾಕಿಸಿದ್ದಳು.

ಫೆಬ್ರವರಿಯಲ್ಲಿ ಮರದವನು ಕಂಬಗಳನ್ನು ತಂದು ದಡದಲ್ಲಿ ಇಳಿಸಿದ. ರಹೇಲಿ ಗಂಡನ ಹತ್ತಿರ ಹೋದಳು.

“ಅವನಿಗೆ ದುಡ್ಡು ಕಳಿಸು.”

“ನೆಟ್‌ವರ್ಕ್ ಇಲ್ಲ. ನಾಳೆ.”

ಮಾರನೆಯ ದಿನ ಫೋನಿಗೆ ಚಾರ್ಜ್ ಇರಲಿಲ್ಲ. ಅದರ ಮಾರನೆಯ ದಿನ ಶಿಜಾನೇ ಮನೆಯಲ್ಲಿರಲಿಲ್ಲ. ಮರದವನು ಎರಡು ಸಲ ಬಂದುಹೋದ. ಮೂರನೆಯ ಸಲ ಕಂಬಗಳನ್ನು ಗಾಡಿಗೆ ಹೇರಿಸುತ್ತ, “ಅಕ್ಕ, ದುಡ್ಡಿಲ್ಲದಿದ್ರೆ ಇಲ್ಲ ಅನ್ನಿ. ನನ್ನನ್ಯಾಕೆ ಕುಣಿಸ್ತೀರಿ?” ಎಂದು ಹತ್ತು ಜನರೆದುರು ಅಂದುಬಿಟ್ಟ. ಮೀನು ಹರಡುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಒಬ್ಬಳು, “ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಎಣಿಸಿಕೊಂಡು ಹೋದವಳು ಇವಳೇ ಅಲ್ವಾ?” ಎಂದಳು. ಎಲ್ಲರೂ ನಕ್ಕರು. ರಹೇಲಿ ಮರಳಿನ ಮೇಲಿನ ಮೀನು ತಿರುವಿಹಾಕಿದಳು.

ಆ ವಾರವೇ ಪೆಟ್ಟಿಗೆ ಬಂತು. ಶಿಜಾ ಬೈಕಿನ ಹಿಂದೆ ಕಟ್ಟಿಕೊಂಡು, ಹೊಸ ಹಸು ತಂದವನಂತೆ ಅಂಗಳಕ್ಕೆ ಬಂದ. ವಾಂಡೆ ಕೈಯೊರೆಸಿಕೊಂಡು ಬಂದು ಎತ್ತಿನೋಡಿದಳು. ಎಣಿಸಿದ್ದಕ್ಕಿಂತ ಭಾರವಿತ್ತು.

“ಹತ್ತು ಹಲಗೆಗೆ ಇಷ್ಟು ತೂಕವಾ?”

“ಬಿಚ್ಚು ನೀನು.”

ಒಳಗೆ ಹಸಿರು ಹಲಗೆಗಳು ಇಟ್ಟಿಗೆಯ ಹಾಗೆ ಅಡಕಿ ಕೂತಿದ್ದವು. ಒಂದೊಂದೂ ನುಣುಪಾಗಿ, ಬಿಳಿ ಅಕ್ಷರ ಒತ್ತಿಸಿಕೊಂಡು, ಹಿತ್ತಲಲ್ಲಿ ಜನ್ಮದಲ್ಲಿ ಆಗದಷ್ಟು ಚೆಂದ. ವಾಂಡೆ ಒಂದು ಕಟ್ಟನ್ನು ಎತ್ತಿ, ಇನ್ನೊಂದನ್ನು ಎತ್ತಿ, ಅಣ್ಣನ ಮುಖ ನೋಡಿದಳು.

“ಎಷ್ಟು ಹಾಕಿದೆ?”

“ಇನ್ನೂರು. ಹತ್ತಕ್ಕೆ ಬೆಲೆ ನೋಡಿದೆ, ಇನ್ನೂರಕ್ಕೆ ನೋಡಿದೆ. ಹಲಗೆ ಇಪ್ಪತ್ತು ಪಟ್ಟು, ದುಡ್ಡು ನಾಲ್ಕು ಪಟ್ಟು. ಯಾವ ಮೂರ್ಖ ಹತ್ತು ತಗೋತಾನೆ?”

“ನಾನು ತಗೋತೀನಿ! ಯಾಕೆ ಅಂತ ಹೇಳಿದ್ದೆ ತಾನೇ?”

“ಬಂದದ್ದಕ್ಕೆ ಖುಷಿಪಡು. ಒಂದೊಂದು ಒಂದು ಕಪ್ ಚಹಾದ ಬೆಲೆಗೆ ಬಿದ್ದಿದೆ.”

ಒಲೆಯ ಹತ್ತಿರದಿಂದ ರಹೇಲಿ ಎದ್ದುಬಂದಳು. “ನಾಲ್ಕು ಪಟ್ಟು ದುಡ್ಡು ಎಲ್ಲಿಂದ ಬಂತು?”

ಮದುಹು ರೇಡಿಯೋದ ಸದ್ದು ತಗ್ಗಿಸಿದ.

“ನಾನು ಕೇಳ್ತಿರೋದು ನಿನ್ನನ್ನೇ. ಕಂಬದವನ ದುಡ್ಡು ಎಲ್ಲಿ?”

“ಎಲ್ಲೂ ಹೋಗಿಲ್ಲ. ಮುಂದಿನ ಅಮಾವಾಸ್ಯೆಗೆ ಕಿಯಾಬೊ ಕೊಟ್ಟ ತಕ್ಷಣ ಎರಡರಷ್ಟು ಕೊಡ್ತೀನಿ.”

“ನೆಟ್‌ವರ್ಕ್ ಇಲ್ಲ ಅಂದ್ಯಲ್ಲೋ. ಚಾರ್ಜ್ ಇಲ್ಲ ಅಂದ್ಯಲ್ಲೋ. ನಾನು ಆ ಹೆಂಗಸರ ಮುಂದೆ ತಲೆತಗ್ಗಿಸಿ ಕೂತಿದ್ದೆ!”

“ಕೂಗಾಡಬೇಡ ರಹೇಲಿ,” ಮಿಲೆಂಬೆ ನಡುವೆ ಬಂದಳು. “ಅವನ ತಪ್ಪಿಲ್ಲ. ತೆಗಿ ಅಂದವಳು ನಾನು. ಸೊಸೆ ದುಡ್ಡು ಅಂದ್ರೆ ಮನೆ ದುಡ್ಡಲ್ವಾ?”

ರಹೇಲಿ ಅತ್ತೆಯನ್ನು ನೋಡಿದಳು. “ಹಾಗಾದ್ರೆ ಅತ್ತೆ, ನಿಮ್ಮ ಪೆಟ್ಟಿಗೇಲಿರೋ ಹೊಸ ಕಿಟೆಂಗೆ ಅಚ್ಚುಬಟ್ಟೆ ನಾನು ನಾಳೆ ಮಾರ್ತೀನಿ. ಅದೂ ಮನೆ ಬಟ್ಟೆ ತಾನೇ?”

“ನಾಲಿಗೆ ನೋಡು ಇವಳದ್ದು!”

“ನಾಲಿಗೆ ಒಂದೇ ಉಳಿದಿರೋದು ಅತ್ತೆ. ಮಿಕ್ಕದ್ದು ಫೋನಲ್ಲಿ ಒತ್ತಿಬಿಟ್ಟಿದೀರಿ.”

ವಾಂಡೆ ಮರುದಿನವೇ ಮ್ವಾಂಝಾದಿಂದ ಬಿಡಿಭಾಗ ತಂದು ಮೊದಲ ಹಲಗೆಗೆ ಬೆಸುಗೆ ಹಾಕಿದಳು. ಮನೆಯವರೆಲ್ಲ ಸುತ್ತ ನಿಂತಿದ್ದರು, ರಹೇಲಿಯೊಬ್ಬಳನ್ನು ಬಿಟ್ಟು. ಬ್ಯಾಟರಿ ಸಿಕ್ಕಿಸಿದಳು. ದೀಪ ಹತ್ತಲಿಲ್ಲ. ಇನ್ನೊಂದಕ್ಕೆ ಹಾಕಿದಳು. ಅದೂ ಹತ್ತಲಿಲ್ಲ. ತನ್ನ ನಕ್ಷೆ ತೆಗೆದು ನೋಡುತ್ತ ಕೂತವಳ ಬೆರಳು ಒಂದು ಕಡೆ ನಿಂತಿತು. ದೀಪಕ್ಕೆ ಕರೆಂಟು ಬಿಡುವುದೂ ನಿಲ್ಲಿಸುವುದೂ ಒಲೆಯ ಕಲ್ಲಿನ ಹಾಗೆ ಮುಕ್ಕೋಣವಾಗಿ ನಿಂತು, ತಿರುಗಿಸಿ ಹಾಕಲು ಬಾರದ ಮೂರು ಕಾಲಿನ ಒಂದು ಟ್ರಾನ್ಸಿಸ್ಟರಿನ ಕೆಲಸ. ಅದರ ಎಡಗಾಲಿನ ಜಾಗದಲ್ಲಿ ಬಲಗಾಲು, ಬಲಗಾಲಿನ ಜಾಗದಲ್ಲಿ ಎಡಗಾಲು ಬರೆದುಬಿಟ್ಟಿದ್ದಳು.

“ನನ್ನದೇ ತಪ್ಪು,” ಎಂದಳು. “ಉಲ್ಟಾ ಬರೆದಿದೀನಿ. ಇನ್ನೂರೂ ಹಾಗೇ.”

ಶಿಜಾ ಸಿಡಿದ. “ಕೇಳಿಸ್ಕೊಂಡ್ರಾ ಎಲ್ರೂ? ನನ್ನದೇ ತಪ್ಪು ಅಂತ ಅವಳ ಬಾಯಲ್ಲೇ ಬಂತು! ನನ್ನ ಮೇಲೆ ಹಾರಾಡಿದ್ರಲ್ಲ, ಈಗ ಹೇಳಿ!”

ವಾಂಡೆ ಹಲಗೆಯನ್ನು ನೆಲಕ್ಕೆ ಅಪ್ಪಳಿಸಿದಳು. “ಹತ್ತು ತರಿಸಿದ್ದಿದ್ರೆ ಹತ್ತು ಹಾಳಾಗ್ತಿತ್ತು! ತಪ್ಪಾಗತ್ತೆ ಅಂತಾನೇ ಹತ್ತು ಅಂದದ್ದು! ನಾನು ಒಂದು ತಪ್ಪು ಮಾಡಿದೆ, ಅದನ್ನ ಇನ್ನೂರು ಮಾಡಿದವನು ನೀನು!”

“ಓದಿದವಳು ನೀನೋ ನಾನೋ?”

“ಮತ್ತೆ ಓದಿದವಳ ಮಾತು ಯಾಕೆ ಕೇಳ್ಲಿಲ್ಲ?”

“ಸಾಕು ನಿಲ್ಸಿ!” ಎಂದು ಮದುಹು ರೇಡಿಯೋವನ್ನು ಪೂರ್ತಿ ಜೋರು ಮಾಡಿದ. ಬೀದಿಯವರೆಲ್ಲ ಇಣುಕಿದರು. ಒಳಗೆ ಜಗಳ, ಹೊರಗೆ ಹಾಡು.

ಮರುದಿನ ಬೆಳಿಗ್ಗೆ ರಹೇಲಿ, ಅಂಗಳದ ಅಂಚಿಗೆ ತಾನೂ ಗಂಡನೂ ಮಲಗುವ ಗುಡಿಸಲಿನ ಹಿಂದೆ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು. ತನಗೊಬ್ಬಳಿಗೆ ಗಂಜಿ ಕಾಯಿಸಿ ಕುಡಿದಳು. ಒಂದೇ ಅಂಗಳದಲ್ಲಿ ಎರಡು ಹೊಗೆ ಏಳುವುದನ್ನು ಕಂಡ ಮಿಲೆಂಬೆಗೆ ಮೈಯೆಲ್ಲ ಉರಿಯಿತು.

“ಊರವರು ಏನಂತಾರೆ? ಬದುಕಿರೋ ಗಂಡನಿಗೆ ಅನ್ನ ಹಾಕದವಳು ಅಂತಾರೆ.”

“ಗಂಡನಿಗೆ ಇನ್ನೂರು ಹಲಗೆ ಇದೆಯಲ್ಲ ಅತ್ತೆ. ಬೇಯಿಸಿ ಹಾಕಿ.”

ಶಿಜಾ ಅಮ್ಮನ ಒಲೆಯಲ್ಲಿ ಉಂಡ. ಅಮ್ಮನ ಕೈಯಲ್ಲಿ ಉಪ್ಪು ಜಾಸ್ತಿ. ಅವನು ದೂರಿದರೆ ಮಿಲೆಂಬೆ, “ನಿನ್ನ ಹೆಂಡ್ತಿ ಹತ್ರ ಹೋಗಿ ಉಣ್ಣು,” ಎಂದು ಪಾತ್ರೆ ಕುಕ್ಕುತ್ತಿದ್ದಳು. ವಾಂಡೆ ಯಾರ ಒಲೆಯ ಹತ್ತಿರವೂ ಕೂರದೆ ಒಣಗಿಸಿದ ಗೆಣಸು ಅಗಿಯುತ್ತ ಹಿತ್ತಲಲ್ಲಿರುತ್ತಿದ್ದಳು. ಒಂದು ಮಧ್ಯಾಹ್ನ ಅತ್ತಿಗೆಯ ಬಳಿ ಹೋಗಿ ನಿಂತಳು.

“ಅತ್ತಿಗೆ, ನನ್ನ ಮೇಲೂ ಸಿಟ್ಟಾ?”

“ಇಲ್ಲದೆ ಏನು? ನೆಟ್ಟಗೆ ಒಂದು ಕಾಲು ಬರೆಯೋಕೆ ಬರಲ್ವಾ ನಿನಗೆ? ಇದೆ ಸಿಟ್ಟು. ಆದ್ರೆ ಅದು ಬೇರೆ ಸಿಟ್ಟು.” ಸ್ವಲ್ಪ ತಡೆದು, “ಗಂಜಿ ಇದೆ, ಕುಡೀತೀಯಾ?” ಎಂದಳು.

ಮಾರ್ಚ್ ಎರಡನೆಯ ವಾರ ದೊಡ್ಡ ಮಳೆ ಹಿಡಿಯಿತು. ರಹೇಲಿ ಆ ದಿನ ಮೂರು ಬುಟ್ಟಿ ಮೀನು ಮರಳಿನ ಮೇಲೆ ಹರಡಿದ್ದಳು. ಮೋಡ ಕಂಡು ಬಾಚತೊಡಗುವಷ್ಟರಲ್ಲಿ ಸುರಿಯಿತು. ಅಟ್ಟವಿದ್ದ ಹೆಂಗಸರು ತಾಡಪಾಲು ಎಳೆದು ಅದರಡಿ ನಿಂತರು. ರಹೇಲಿ ಮೊಣಕಾಲೂರಿ ಕೈಯಲ್ಲಿ ಬಾಚಿದಳು. ಮೀನಿಗಿಂತ ಕೆಸರೇ ಹೆಚ್ಚು ಬಂತು. ಎರಡು ದಿನಕ್ಕೆ ಅದು ನಾರತೊಡಗಿತು. ಕೋಳಿ ಮೇವಿನವನು ಕೂಡ ಮೂಸಿ ನೋಡಿ, ಬೇಡವೆಂದು ಹೋದ.

ಆಕೆ ನೇರ ಮನೆಗೆ ಬಂದು, ಮೂಲೆಯಲ್ಲಿದ್ದ ಹಲಗೆಯ ಪೆಟ್ಟಿಗೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ತನ್ನ ಗುಡಿಸಲಿಗೆ ನಡೆದಳು. ತಗಡಿನ ಟ್ರಂಕಿನೊಳಗೆ ಹಾಕಿ ಬೀಗ ಜಡಿದಳು. ಕೀಲಿಯನ್ನು ಸೊಂಟದ ಬಟ್ಟೆಗೆ ಗಂಟುಹಾಕಿದಳು.

“ಏನ್ ಮಾಡ್ತಿದೀಯ?” ಶಿಜಾ ಬಾಗಿಲಲ್ಲಿ ನಿಂತ.

“ನನ್ನ ಸಾಮಾನು ಎತ್ತಿಡ್ತಿದೀನಿ. ನನ್ನ ದುಡ್ಡಲ್ಲಿ ಬಂದದ್ದು.”

“ಕೆಲಸಕ್ಕೆ ಬಾರದ ಹಲಗೆಗೆ ಬೀಗ ಹಾಕ್ತಾಳಂತೆ!”

“ಕೆಲಸಕ್ಕೆ ಬಾರದಿದ್ರೆ ನಿಂಗ್ಯಾಕೆ? ಒಲೆಗೆ ಹಾಕ್ತೀನಿ.”

ಒಲೆಗೆ ಹಾಕುವ ಮೊದಲು ವಾಂಡೆ ಹತ್ತು ಹಲಗೆ ಕೇಳಿ ಇಸಿದುಕೊಂಡಳು. ಅವುಗಳನ್ನು ಮುಂದಿಟ್ಟುಕೊಂಡು ದಿನಗಟ್ಟಲೆ ಬಯ್ಯುತ್ತ ಕೂತಳು: ಅಣ್ಣನಿಗೆ, ತನಗೆ, ತಿರುಗಾಮುರುಗಾ ನಿಂತ ಆ ಮೂರು ಕಾಲಿಗೆ. ಗೆರೆ ಕೊಯ್ದು ತಂತಿ ಹಾಕಿ ನೋಡಿದಳು. ಮತ್ತೆ ತಂತಿಯ ಪಾಡೇ ಆಯಿತು. ಒಂದು ಬೆಳಿಗ್ಗೆ ಸಿಟ್ಟಿನಲ್ಲಿ ಹಲಗೆಯನ್ನು ಮಗುಚಿ ಎಸೆದಳು. ಅದು ಬೆನ್ನು ಮೇಲಾಗಿ ಬಿತ್ತು. ಬೆನ್ನಿನ ಕಡೆಯಿಂದ ಆ ಮೂರು ತೂತುಗಳನ್ನು ನೋಡಿದಳು. ಆ ಕಡೆಯಿಂದ ಎಡ ಯಾವುದು, ಬಲ ಯಾವುದು? ಟ್ರಾನ್ಸಿಸ್ಟರನ್ನು ಹಿಂಬದಿಯಿಂದ ತೂರಿಸಿದಳು. ಕಾಲುಗಳು ತಮ್ಮ ತಮ್ಮ ಜಾಗಕ್ಕೆ ಕೂತವು. ಬೆಸುಗೆ ಹಾಕಿ ಬ್ಯಾಟರಿ ಕೊಟ್ಟಳು. ದೀಪ ಹತ್ತಿತು.

ಅವಳು ಕೂಗಲಿಲ್ಲ, ನಗಲಿಲ್ಲ. “ಥೂ, ಇಷ್ಟೇನಾ,” ಎಂದು ಉಗುಳಿದಳು.

ಒಂದೇ ತೊಂದರೆ. ಅಡಿಯಲ್ಲಿ ಟ್ರಾನ್ಸಿಸ್ಟರು ಚಾಚಿಕೊಂಡಿದ್ದರಿಂದ ಹಲಗೆಯಿಡುವ ಹಳೆಯ ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ. ಸಂತೆಯಲ್ಲಿ ಸಿಗುವ, ಬುತ್ತಿ ಕಟ್ಟುವ ಆಳದ ಪ್ಲಾಸ್ಟಿಕ್ ಡಬ್ಬಿ ತಂದು ನೋಡಿದಳು. ಸರಿಹೋಯಿತು. ಮಾಡಿದ ದೀಪಗಳನ್ನು ಕಿಯಾಬೊಗೆ ಕೊಟ್ಟು ಕಳಿಸಿದಳು. ಅಮಾವಾಸ್ಯೆಯ ಆಚೀಚಿನ ರಾತ್ರಿಗಳು ಕಳೆದ ಮೇಲೆ ಕಿಯಾಬೊ ತಾನೇ ಮನೆಗೆ ಬಂದ. ಮಿಲೆಂಬೆ ಚಹಾ ಮಾಡಿದಳು.

“ಅಲೆಗೆ ಕುಕ್ಕಿದ್ರೂ ಒಂದೂ ಆರಲಿಲ್ಲ,” ಎಂದ ಕಿಯಾಬೊ. “ಮುಂದಿನ ಕತ್ತಲೆ ಹೊತ್ತಿಗೆ ನಲವತ್ತೂ ಬೇಕು. ಅರ್ಧ ದುಡ್ಡು ಈಗ್ಲೇ ಹಾಕ್ತೀನಿ. ಯಾರ ನಂಬರಿಗೆ?”

“ನನ್ನ ನಂಬರಿಗೆ,” ಎಂದ ಶಿಜಾ.

“ನನ್ನ ನಂಬರಿಗೆ,” ಎಂದಳು ರಹೇಲಿ. ಬಾಗಿಲಲ್ಲಿ ನಿಂತಿದ್ದಳು. ಗುಂಪಿನ ಗೆಳತಿಯೊಬ್ಬಳ ಹಳೆಯ ಫೋನು ಕೈಯಲ್ಲಿತ್ತು. “ಹಲಗೆ ನನ್ನ ಟ್ರಂಕಲ್ಲಿದೆ ಯಜಮಾನ್ರೇ. ಕೀಲಿ ನನ್ನ ಹತ್ರ.”

ಕಿಯಾಬೊ ಗಂಡ ಹೆಂಡತಿ ಇಬ್ಬರ ಮುಖವನ್ನೂ ನೋಡಿದ. “ನನಗೆ ದೀಪ ಬೇಕು ತಾಯಿ, ನಿಮ್ಮ ಮನೆ ಜಗಳ ಅಲ್ಲ.” ಹಣವನ್ನು ರಹೇಲಿಯ ನಂಬರಿಗೇ ಹಾಕಿ, ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಅವನು ಬೇಲಿ ದಾಟಿದ್ದೇ ಶಿಜಾ ಎದ್ದುನಿಂತ. “ಹೊರಗಿನವರ ಮುಂದೆ ನನ್ನ ಮರ್ಯಾದೆ ತೆಗೆದೆ.”

“ನಿನಗೆ ಹೊರಗಿನವನು ಒಬ್ಬನೇ ಇದ್ದ. ನನಗೆ ದಡದ ತುಂಬ ಇದ್ರು.”

“ದುಡ್ಡು ಬಂತಲ್ಲ ಈಗ! ಕೀಲಿ ಕೊಡು.”

“ದುಡ್ಡಷ್ಟೇ ಬಂದದ್ದು. ಶನಿವಾರ ಚರ್ಚಿನ ಜಗಲಿ ಮೇಲೆ ಗುಂಪು ಸೇರತ್ತೆ. ಅಲ್ಲಿಗೆ ಬಂದು, ರಹೇಲಿಯ ದುಡ್ಡನ್ನ ಅವಳನ್ನ ಕೇಳದೆ ತಗೊಂಡೆ, ಕೇಳಿದಾಗ ಸುಳ್ಳು ಹೇಳಿದೆ ಅಂತ ಹೇಳು. ಆಮೇಲೆ ಕೀಲಿ.”

ಶಿಜಾ ನಕ್ಕ. ಆಕೆ ನಗಲಿಲ್ಲ ಎಂದು ಗೊತ್ತಾದ ಮೇಲೆ ಅವನ ನಗು ನಿಂತಿತು. “ಹುಚ್ಚು ಹಿಡಿದಿದೆ ನಿನಗೆ.”

“ಯಾವ ಗಂಡಸು ಹಾಗೆ ಹೋಗಿ ಹೇಳ್ತಾನೆ?” ಮಿಲೆಂಬೆ ಕೂಗಿದಳು. “ಅವರೆಲ್ಲ ನಮ್ಮನ್ನ ಆಡ್ಕೊಂಡು ನಗಲ್ವಾ?”

“ನಗ್ತಾರೆ ಅತ್ತೆ. ನನ್ನನ್ನ ನೋಡಿ ನಕ್ಕಾಗ ನೀವು ಇರ್ಲಿಲ್ಲ. ಈ ಸಲ ಬನ್ನಿ.”

ಒಂದು ಶನಿವಾರ ಹೋಯಿತು. ಶಿಜಾ ಹೋಗಲಿಲ್ಲ. ಒಂದು ಮಧ್ಯಾಹ್ನ ಸುತ್ತಿಗೆ ಹಿಡಿದು ಟ್ರಂಕಿನ ಹತ್ತಿರ ಹೋದ. ವಾಂಡೆ ಅದರ ಮೇಲೆ ಹತ್ತಿ ಕೂತುಬಿಟ್ಟಳು.

“ಬೀಗ ಒಡೀ. ಬೆಸುಗೆ ಹಾಕೋಳು ಯಾರು? ನಾನು ಹಾಕಲ್ಲ.”

“ನೀನೂ ಅವಳ ಕಡೆಯಾ? ಒಡಹುಟ್ಟಿದವಳು ನೀನು!”

“ನನ್ನನ್ನೂ ನೀನು ಕೇಳಲಿಲ್ವಲ್ಲ ಅಣ್ಣ. ಹತ್ತು ಅಂತ ನಾನು ಹಾಕಿದ್ದನ್ನ ಅಳಿಸಿದಾಗ.”

ಕಿಯಾಬೊನ ಕಡೆಯವನು ಎರಡು ಸಲ ಕೇಳಿಕೊಂಡು ಹೋದ. ಕತ್ತಲೆಯ ರಾತ್ರಿಗಳು ಹತ್ತಿರ ಬರುತ್ತಿದ್ದವು. ಮಿಲೆಂಬೆ ಊಟದ ಹೊತ್ತಿಗೆ ಮದುಹುವಿನ ಮೇಲೆ ತಿರುಗಿದಳು.

“ನೀನೊಬ್ಬ ಯಜಮಾನ ಅಂತ ಕೂತಿದೀಯ. ಸೊಸೆಗೆ ಒಂದು ಮಾತು ಹೇಳು.”

ಮದುಹು ಕೈ ತೊಳೆದುಕೊಂಡ. “ಯಾರಿಗೆ ಹೇಳ್ಬೇಕೋ ಅವನಿಗೆ ಹೇಳ್ತೀನಿ. ಶಿಜಾ, ನನ್ನ ಅಂಗಡಿಗೆ ಬರ್ತಿದ್ದ ದೀಪದಿಂದ ನಾನು ಒಂದು ಬರ್ನರ್ ಕದ್ದಿದ್ರೂ ನೀನು ಇವತ್ತು ದೀಪದವನ ಮಗ ಅನ್ನಿಸ್ಕೋತಿರಲಿಲ್ಲ. ನಿನ್ನ ಹತ್ರ ನಂಬಿ ಕೊಟ್ಟದ್ದು ಅದು. ಹೋಗಿ ಹೇಳಿ ಬಾ.” ಆಮೇಲೆ ಹೆಂಡತಿಯ ಕಡೆ ತಿರುಗಿ, “ತೆಗಿ ಅಂದವಳು ನಾನು ಅಂತ ನೀನೂ ಅಲ್ಲಿ ಹೇಳ್ಬಹುದು,” ಎಂದ. ಮಿಲೆಂಬೆ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಮಧ್ಯಾಹ್ನ ಚರ್ಚಿನ ಜಗಲಿಯ ಮೇಲೆ ಇಪ್ಪತ್ತು ಇಪ್ಪತ್ತೈದು ಹೆಂಗಸರು ಕೂತು ಹಣ ಎಣಿಸುತ್ತಿದ್ದರು. ಗುಂಪಿನ ಹಿರಿಯಳು ತೆರೆಜಾ ಅಜ್ಜಿಯ ಮಡಿಲಲ್ಲಿ ಹಣದ ಪೆಟ್ಟಿಗೆಯಿತ್ತು. ಶಿಜಾ ಮೆಟ್ಟಿಲ ಕೆಳಗೆ ನಿಂತು ಕೆಮ್ಮಿದ. ಎಲ್ಲರೂ ತಿರುಗಿದರು.

“ಏನಪ್ಪ, ಗುಂಪಿಗೆ ಸೇರೋಕೆ ಬಂದ್ಯಾ?” ಎಂದಳು ತೆರೆಜಾ ಅಜ್ಜಿ.

ಅವನು ತನ್ನ ಚಪ್ಪಲಿ ನೋಡುತ್ತ ಏನೋ ಗೊಣಗಿದ.

“ಕೇಳಿಸಲಿಲ್ಲ. ನನ್ನ ಕಿವಿ ಮಂದ.”

“ರಹೇಲಿ ದುಡ್ಡು ನಾನು ತಗೊಂಡಿದ್ದೆ.”

“ಕೊಟ್ಟಿದ್ಲಾ?”

“ಇಲ್ಲ.”

“ಮತ್ತೆ?”

“ಕೇಳದೆ ತಗೊಂಡೆ!” ಶಿಜಾನ ದನಿ ಒಮ್ಮೆಲೇ ಮೇಲೇರಿತು. “ಅವಳು ಕೇಳಿದಾಗ ನೆಟ್‌ವರ್ಕ್ ಇಲ್ಲ ಅಂತ ಸುಳ್ಳು ಹೇಳ್ದೆ. ಕಂಬದವನು ಬಂದಾಗ ಅಡಗಿ ಕೂತಿದ್ದೆ. ಅವಳ ಹತ್ರ ದುಡ್ಡಿತ್ತು. ಸಾಕಾ?”

ಯಾರೂ ನಗಲಿಲ್ಲ. ಆವತ್ತು ದಡದಲ್ಲಿ ಮೊದಲು ಮಾತೆತ್ತಿದ್ದ ಹೆಂಗಸು ತನ್ನ ನೋಟುಗಳನ್ನು ಮತ್ತೆ ಮೊದಲಿಂದ ಎಣಿಸತೊಡಗಿದಳು. “ಸಾಕು,” ಎಂದಳು ತೆರೆಜಾ ಅಜ್ಜಿ. “ಗಂಡಸರು ಇಲ್ಲಿ ನಿಲ್ಲೋ ಹಾಗಿಲ್ಲ, ಹೋಗು.”

ರಹೇಲಿ ಸೊಂಟದ ಗಂಟು ಬಿಚ್ಚಿ ಕೀಲಿ ತೆಗೆದಳು. ಗಂಡನ ಕೈಗೆ ಕೊಡಲಿಲ್ಲ. ಹಿಂದೆ ನಿಂತಿದ್ದ ವಾಂಡೆಯ ಕೈಗಿತ್ತಳು.

ಆ ಸಂಜೆಯೂ ಅಂಗಳದಲ್ಲಿ ಎರಡು ಹೊಗೆ ಎದ್ದವು. ಶಿಜಾ ಸ್ವಲ್ಪ ಹೊತ್ತು ಅಮ್ಮನ ಬಾಗಿಲ ಹತ್ತಿರ ನಿಂತಿದ್ದು, ಆಮೇಲೆ ಗುಡಿಸಲಿನ ಹಿಂದೆ ಬಂದು ಹೆಂಡತಿಯ ಒಲೆಯ ಮುಂದೆ ಕೂತ. ರಹೇಲಿ ಅವನನ್ನು ನೋಡದೆ ಉಗಾಲಿ ತಿರುವಿದಳು. ಬಾಣಲೆಯ ತುಂಬ ಟೊಮೆಟೊ ಹಾಕಿ ಹುರಿದ ದಗಾ ಘಮಘಮ ಎನ್ನುತ್ತಿತ್ತು. ಒಂದು ತಟ್ಟೆಗೆ ಮುದ್ದೆ ಹಾಕಿ ಅವನ ಮುಂದೆ ತಳ್ಳಿದಳು.

ಅವನು ಕಾದ. ಮುದ್ದೆ ನೋಡಿದ, ಬಾಣಲೆ ನೋಡಿದ.

“ಮೀನು?”

“ಮುದ್ದೆ ಇವತ್ತಿಂದ ಹಾಕ್ತೀನಿ,” ಎಂದಳು ರಹೇಲಿ, ಬಾಣಲೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತ. “ಮೀನು ಯಾವತ್ತು ಅಂತ ನಂಗೇ ಗೊತ್ತಿಲ್ಲ.”

ಶಿಜಾ ಬರಿಯ ಮುದ್ದೆ ಮುರಿದು ಬಾಯಿಗಿಟ್ಟುಕೊಂಡ.